ಮಾಮಾನ ಅಂಜಿಕೆಯೂ ಒಂದು ಮಾಡ್ ಫೈಲೂ

ನಮ್ಮ ಸೋದರಮಾವನಂಥ ಧೈರ್ಯವಂತರನ್ನು ನಾನು ಕಂಡೇ ಇಲ್ಲ. ನಂಬುವುದಿಲ್ಲವೇ? ಜಗತ್ತಿನಲ್ಲಿರುವ ಅಷ್ಟೂ ಅಂಜಿಕೆಗಳನ್ನು ಒಬ್ಬರೇ ಹೊತ್ತುಕೊಂಡು, ಅರವತ್ತು ದಾಟಿದ ಮೇಲೂ ದಿನಾ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದೆಂದರೆ ಸಣ್ಣ ಧೈರ್ಯವೇ? ನಾವಾಗಿದ್ದರೆ ಹೊದಿಕೆಯೊಳಗೇ ಇದ್ದುಬಿಡುತ್ತಿದ್ದೆವು!

ಮಾಮಾ ಬೀದರ ಕಡೆಯವರು. ಹರೆಯದಲ್ಲೇ ಸಂಭಾಜಿನಗರಕ್ಕೆ ಬಂದು ಒಂದು ಕಾರ್ಖಾನೆಯ ಸುರಕ್ಷತಾ ವಿಭಾಗ ಸೇರಿದರು. ದೇವರು ಯಾರಿಗೆ ಯಾವ ಕೆಲಸ ಕೊಡಬೇಕೆಂದು ಸರಿಯಾಗಿ ಯೋಚಿಸಿದ್ದು ಬಹುಶಃ ಅದೊಂದೇ ಸಲ. ಬೆಂಕಿ ಆರಿಸುವ ಕೆಂಪು ಸಿಲಿಂಡರು ಯಾರ ಕಾಲಿನ ಮೇಲಾದರೂ ಬಿದ್ದೀತೆಂದು ಅದನ್ನು ಕಪಾಟಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ತಮ್ಮ ಕಿಸೆಯಲ್ಲಿ ಇಟ್ಟುಕೊಂಡಿದ್ದರು. ಪುಣ್ಯಕ್ಕೆ ಬೆಂಕಿಯೂ ಮಾಮಾನಿಗೆ ಅಂಜಿ ಆ ಕಡೆ ಬರಲಿಲ್ಲ.

ಮನೆ ಕೊಂಡದ್ದು ಮೊದಲನೇ ಮಹಡಿಯಲ್ಲಿ. ನೆಲಮಹಡಿಗೆ ನೆರೆ ಬರುತ್ತದೆ, ಎರಡನೆಯದರಿಂದ ಹಾರಿದರೆ ಕಾಲು ಮುರಿಯುತ್ತದೆ! ಮದುವೆಯ ದಿನ ಅಕ್ಷತೆ ಬೀಳುವ ಹೊತ್ತಿನಲ್ಲಿ ಮದುಮಗಳತ್ತ ನೋಡದೆ ತಲೆಯ ಮೇಲೆ ಬಿದ್ದಾವೆಂದು ಪೆಂಡಾಲಿನ ಗಳಗಳನ್ನೇ ನೋಡುತ್ತ ನಿಂತಿದ್ದರಂತೆ. "ಮದಿವಿ ಫೋಟೋ ತಗದ್ ನೋಡವ್ವ, ಎಲ್ಲಾದ್ರಾಗೂ ಇವ್ರ ಗದ್ದ ಒಂದೇ ಕಾಣ್ತದ" ಎಂದು ಅತ್ತಿ ಇಂದಿಗೂ ಹೇಳುತ್ತಾರೆ. ಅತ್ತಿ ಎಂದರೆ ಮಾಮಾನ ಹೆಂಡತಿ. ಯಾವುದಕ್ಕೂ ಅಂಜದ ಹೆಂಗಸು. ಅಂಜಲು ಮನೆಯಲ್ಲಿ ಆಕೆಗೆ ಏನೂ ಉಳಿದಿರಲಿಲ್ಲವಲ್ಲ!

ಅತ್ತಿಗೆ ಇದ್ದ ಆಸೆ ಒಂದೇ, ವೇರೂಳಿನ ಗುಡಿ ನೋಡುವುದು. ಒಂದೇ ಬೆಟ್ಟವನ್ನು ನೆತ್ತಿಯಿಂದ ಕೊರೆದು ಕೊರೆದು ಮಾಡಿದ ಆ ಶಿವನ ಗುಡಿಯನ್ನು ನೋಡಲು ಪರದೇಶದವರು ವಿಮಾನ ಹತ್ತಿ ಬರುತ್ತಾರೆ. ಇವರ ಮನೆಯಿಂದ ಬಸ್ಸಿನಲ್ಲಿ ಒಂದು ತಾಸು. ಆದರೆ ಮಾಮಾ ಕರೆದುಕೊಂಡು ಹೋಗಬೇಕಲ್ಲ! ಒಂದು ವರ್ಷ ಜೇನುಹುಳ, ಮರುವರ್ಷ ಮಂಗ, ಅದರ ಮರುವರ್ಷ ಮೆಟ್ಟಿಲ ಮೇಲಿನ ಪಾಚಿ. ಕೊನೆಗೊಮ್ಮೆ ನಾನೇ ನಾಸಿಕದಿಂದ ಹೋಗಿ ಜಗಳ ತೆಗೆದೆ.

"ಅಷ್ಟ್ ದೊಡ್ಡ ಗುಡ್ಡ ಕೊರದಾರ. ಮ್ಯಾಲಿಂದ ಕುಸದ್ರ?" ಎಂದರು ಮಾಮಾ.

"ಹನ್ನೆರಡ್ ನೂರ್ ವರ್ಷ ಆತು ಮಾಮಾ, ಇನ್ನೂ ಕುಸದಿಲ್ಲ!"

"ಅದಕ್ಕೇ ಅಂತೀನಿ. ಕುಸಿಯೋ ಟೈಮ್ ಈಗ ಹತ್ರ ಬಂದಿರ್ತದ!"

ಈ ಮಾತಿಗೆ ಎದುರು ಹೇಳಬಲ್ಲವರು ಇದ್ದರೆ ಮುಂದೆ ಬನ್ನಿ. ನಾನಂತೂ ಚಹಾ ಕುಡಿದು ವಾಪಸು ಬಂದೆ.

ಮೂರು ವರ್ಷದ ಕೆಳಗೆ ಅತ್ತಿಗೆ ಲಕ್ವ ಹೊಡೆಯಿತು. ಎಡಗಾಲು, ಎಡಗೈ ಎರಡೂ ಸೋತವು. ಆಸ್ಪತ್ರೆಯಿಂದ ಮನೆಗೆ ಬಂದರು, ವಾಕರ್ ಹಿಡಿದು ಅಡಿಗೆಮನೆಯ ತನಕ ನಡೆಯುವುದನ್ನು ಕಲಿತರು. ವೇರೂಳಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಆ ದಿನಗಳಲ್ಲೇ ನಾನು ಹೊಸ ಕಂಪ್ಯೂಟರ್ ಕೊಂಡು ಹಳೆಯದನ್ನು ಮಾಮಾನಿಗೆ ಕಳಿಸಿದ್ದೆ. ನಾನು ನಾಸಿಕದ ಒಂದು ಮರಾಠಿ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಅತ್ತಿ ಕೂತಲ್ಲೇ ಪುರಾಣ ಪ್ರವಚನ ಕೇಳಲಿ ಎಂಬುದು ನನ್ನ ಉದ್ದೇಶ. ಮೊದಲ ವಾರವೇ ಮಾಮಾನ ಫೋನು ಬಂತು. "ಇದಕ್ಕ ವೈರಸ್ ಬರ್ತದಂತಲ್ಲವ್ವ, ಬಾಜೂಕ ಕುಂತೋರಿಗೂ ಹತ್ತತದೇನ?" ನಾನು ಇಲ್ಲವೆಂದೆ. ಆದರೂ ಒಂದು ತಿಂಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಅದರ ಮುಂದೆ ಕೂರುತ್ತಿದ್ದರೆಂದು ಅತ್ತಿಯಿಂದ ತಿಳಿಯಿತು.

ಆ ಕಂಪ್ಯೂಟರಿನಲ್ಲಿ ನಾನು ಅಳಿಸದೆ ಬಿಟ್ಟಿದ್ದ ಒಂದು ಆಟವಿತ್ತು. ಇಟ್ಟಿಗೆಯಂಥ ಚೌಕಗಳಿಂದಲೇ ಆದ ಲೋಕ ಅದು. ಗುಡ್ಡ ಚೌಕ, ನೀರು ಚೌಕ, ಹಸುವೂ ಚೌಕ. ಅಗೆಯಬಹುದು, ಕಟ್ಟಬಹುದು, ಸುತ್ತಾಡಬಹುದು. ಮಾಮಾ ಅದನ್ನು ಆಡುತ್ತಾರೆಂದು ತಿಳಿದಾಗ ನನಗೆ ನಗು ತಡೆಯಲಿಲ್ಲ. ಅದರಲ್ಲಿ ರಾಕ್ಷಸರು ಬರುತ್ತಾರಲ್ಲ ಎಂದೆ. "ಅವ್ರನ್ನ ಬಂದ್ ಮಾಡೀನಿ" ಎಂದರು. ಆದರೂ ಎರಡೆರಡು ಹೆಜ್ಜೆಗೆ ಒಂದು ದೀಪ ಇಟ್ಟಿದ್ದರಂತೆ, ಬಂದ್ ಮಾಡಿದ್ದು ರಾಕ್ಷಸರಿಗೆ ತಿಳಿಯದಿದ್ದರೆ ಏನು ಗತಿ ಎಂದು!

ಹೋದ ದೀಪಾವಳಿ ಮುಗಿದ ಮೇಲೆ ಮತ್ತೆ ಫೋನು.

"ಆಟ ತಟಕ್ ತಟಕ್ ಅಂತ ನಿಂತ್ ನಿಂತ್ ನಡೀಲಿಕತ್ತದ. ನಿಮ್ಮತ್ತಿಗಿ ತಲಿ ತಿರಗತದ. ಏನೋ ಮಾಡ್ ಅಂತ ಇರ್ತದಂತ, ಹಾಕಿದ್ರ ಓಡ್ತದಂತ. ನೀ ಬಂದು ಹಾಕಿಕೊಡು."

"ಆಟ ಆಡೋರು ನೀವು. ಅತ್ತಿಗ್ಯಾಕ ತಲಿ ತಿರಗತದ?"

ಫೋನು ಕಟ್ಟಾಯಿತು.

ಮಾಡ್ ಎಂದರೆ ಆಟಕ್ಕೆ ಹೊರಗಿನವರು ಬರೆದು ಸೇರಿಸುವ ಒಂದು ಚಿಕ್ಕ ಫೈಲು. ಇದು ಹಳೆಯ ಯಂತ್ರದಲ್ಲೂ ಆಟ ತಡವರಿಸದಂತೆ ಚಿತ್ರಗಳನ್ನು ಬೇಗ ಬೇಗ ಬಿಡಿಸುವಂಥದ್ದು. ಒಂದೇ ತೊಡಕೆಂದರೆ ಆಟದ ಆವೃತ್ತಿಗೂ ಮಾಡಿನ ಆವೃತ್ತಿಗೂ ಸಾಲಾವಳಿ ಕೂಡಿಬರಬೇಕು. ಕೂಡದಿದ್ದರೆ ಲಗ್ನ ಮುರಿಯುತ್ತದೆ.

ಭಾನುವಾರ ಬೆಳಿಗ್ಗೆ ನಾಸಿಕದಿಂದ ಬಸ್ಸು ಹತ್ತಿದೆ. ನಡುದಾರಿಯ ಯೇವಲೆ ಬರುವುದರೊಳಗೆ ನಾಲ್ಕು ಫೋನು. ಮುಂದಿನ ಸೀಟು ಬೇಡ, ಹಿಂದಿನದು ಬೇಡ, ಕಿಟಕಿಯದು ಬೇಡವೇ ಬೇಡ! ಕೊನೆಗೆ ಕಂಡಕ್ಟರನ ಸೀಟಿನಲ್ಲಿ ಕೂತಿದ್ದೇನೆ ಎಂದು ಸುಳ್ಳು ಹೇಳಿದ ಮೇಲೆ ಸಮಾಧಾನವಾಯಿತು.

ಮನೆ ತಲುಪಿದಾಗ ಗ್ಯಾಸ್ ಬಂದ್ ಆಗಿತ್ತು, ಫ್ರಿಜ್ಜು ಬಂದ್ ಆಗಿತ್ತು, ಮಾಮಾ ರಬ್ಬರ್ ಚಪ್ಪಲಿ ಹಾಕಿಕೊಂಡು ಮರದ ಮಣೆಯ ಮೇಲೆ ನಿಂತಿದ್ದರು. ನನಗೂ ಒಂದು ಮಣೆ ಸಿದ್ಧವಾಗಿತ್ತು. "ಹೊಸಾದು ಏನರ ಹಾಕೋವಾಗ ಕರೆಂಟ್ ಹೊಡೀತದ" ಎಂದರು. ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಕಲಿಸುವ ನಾನು ಮಣೆಯ ಮೇಲೆ ಕಾಲಿಟ್ಟು ಕೂತೆ.

ಆಟ ತೆರೆದೆ.

ಪರದೆಯ ಮೇಲೆ ವೇರೂಳಿತ್ತು. ಒಂದು ದೊಡ್ಡ ಗುಡ್ಡ, ಅದರ ನೆತ್ತಿಯಿಂದ ಕೆಳಕ್ಕೆ ಕೊರೆದ ಅಂಗಳ, ನಡುವೆ ಶಿಖರ, ಮಂಟಪ, ಎರಡು ಕಂಬ. ಸಾಲಾಗಿ ನಿಂತ ಆನೆಗಳು ಫ್ರಿಜ್ಜಿಗೆ ಸೊಂಡಿಲು ಹಚ್ಚಿದ ಹಾಗಿದ್ದವು, ಆದರೆ ಆನೆಗಳೇ. ನಮ್ಮ ರಾಷ್ಟ್ರಕೂಟರು ಹಾಕಿಸಲು ಮರೆತಿದ್ದ ಕಟಕಟೆಯನ್ನು ಮಾಮಾ ಯಾರೂ ಬೀಳದಿರಲೆಂದು ಎಲ್ಲ ಅಂಚಿಗೂ ಹಾಕಿಸಿದ್ದರು.

"ಮೊಬೈಲದಾಗ ವಿಡಿಯೋ ನೋಡ್ಕೋತ ಮೂರ್ ವರ್ಷ ಅಗದಾರ" ಎಂದರು ಅತ್ತಿ. "ದಿನಾ ಸಂಜಿಕ ಇಬ್ರೂ ತಿರಗಾಡ್ತೇವಿ. ನನಗ ಬಲಗೈ ಒಂದೇ ಆಡ್ತದಲ್ಲ, ಆ ಇಲಿ ಹಿಡದು ಎಲ್ಲಾ ಕಡೀಗಿ ನೋಡಾಕಿ ನಾ. ನಡ್ಯೋ ಬಟನ್ ಒತ್ತೋರು ಇವ್ರು. ಈಗ ತಟಕ್ ತಟಕ್ ಆಗಿ ತಲಿ ತಿರಗತದವ್ವ, ಅದಕ್ಕ ಎಂಟ್ ದಿನದಿಂದ ಗುಡಿಗಿ ಹೋಗಿಲ್ಲ."

ಆಗ ನನಗೂ ಅಂಜಿಕೆ ಹತ್ತಿತು. ಇಷ್ಟು ಹೊತ್ತು ಇದೊಂದು ಆಟವಾಗಿತ್ತು.

"ನಕಲು ಇಟ್ಟಿರೇನು ಮಾಮಾ?"

"ಒಂದಲ್ಲ, ನಾಕು!" ಎಂದು ಹೆಮ್ಮೆಯಿಂದ ನಾಲ್ಕು ಪೆನ್‌ಡ್ರೈವ್ ತಂದಿಟ್ಟರು. ಒಂದು ಅಕ್ಕಿ ಡಬ್ಬಿಯಿಂದ, ಒಂದು ದೇವರ ಗೂಡಿನಿಂದ, ಒಂದು ದಿಂಬಿನ ಚೀಲದಿಂದ, ಇನ್ನೊಂದು ಕೊರಳಿನ ಲಿಂಗದ ಜೊತೆಗಿದ್ದ ದಾರದಿಂದ. ಇಂಥವರ ನಕಲನ್ನು ಪರೀಕ್ಷಿಸುವುದುಂಟೇ? ನಾನು ಕೆಲಸ ಶುರು ಮಾಡಿದೆ.

ಮೊದಲು ಆಟಕ್ಕೊಂದು ಹೊಸ ಜಾಗ ಮಾಡಿ, ಮಾಡುಗಳನ್ನು ಆಟದೊಳಗೆ ಎತ್ತಿ ಒಯ್ಯುವ ಲೋಡರ್ ಹಾಕಿದೆ. ಮಾಮಾ ಕಣ್ಣು ಮುಚ್ಚಿದರು. ಮಾಡ್ ಫೈಲನ್ನು ಅದರ ಫೋಲ್ಡರಿನಲ್ಲಿಟ್ಟೆ. ಮಾಮಾ ಶಿವಾ ಶಿವಾ ಎಂದರು. ಆಟ ಶುರುವಾಯಿತು, ಸಾಲಾವಳಿ ಕೂಡಿತು ಎಂದುಕೊಂಡೆ. ವೇರೂಳಿನ ಲೋಕವನ್ನು ತೆರೆಯಲು ಲೋಕಗಳ ಪಟ್ಟಿ ಒತ್ತಿದೆ.

ಪಟ್ಟಿ ಖಾಲಿ.

ಗುಡ್ಡವಿಲ್ಲ, ಗುಡಿಯಿಲ್ಲ, ಒಂದೂ ಹೆಸರಿಲ್ಲ. ಮುಚ್ಚಿ ಮತ್ತೆ ತೆರೆದೆ. ಖಾಲಿ! ಮಾಮಾ ಮೆಲ್ಲಗೆ ಒಂದು ಕಣ್ಣು ತೆರೆದು, "ಎಲ್ಲದ?" ಎಂದರು. "ಹೆದರಬ್ಯಾಡ್ರಿ, ನಕಲು ಅದಾವಲ್ಲ" ಎಂದು ಅಕ್ಕಿ ಡಬ್ಬಿಯದನ್ನು ಚುಚ್ಚಿದೆ. ಅದರೊಳಗೆ ಇದ್ದದ್ದು ಆಟದ ಗುರುತಿನ ಚಿತ್ರ ಮಾತ್ರ. ಒತ್ತಿದರೆ ಆಟಕ್ಕೆ ದಾರಿ ತೋರಿಸುವ ಶಾರ್ಟ್‌ಕಟ್! ದೇವರ ಗೂಡಿನದರಲ್ಲೂ ಅದೇ. ದಿಂಬಿನದರಲ್ಲೂ ಅದೇ. ಕೊರಳಿನದನ್ನೂ ಚುಚ್ಚಿದೆ. ಅದರಲ್ಲೂ ಅದೇ. ಮನೆಯನ್ನು ಕಾಪಾಡಲೆಂದು ಮನೆಯ ಬೋರ್ಡನ್ನು ನಾಲ್ಕು ಕಡೆ ಬಚ್ಚಿಟ್ಟಂತೆ!

ಇಪ್ಪತ್ತು ವರ್ಷ ಮಕ್ಕಳಿಗೆ "ನಕಲು ತೆಗೆದಿಟ್ಟು ಆಮೇಲೆ ಕೈ ಹಾಕಿ" ಎಂದು ಕಲಿಸಿದವಳು ನಾನು. ಮೂರು ವರ್ಷದ ಗುಡಿಯನ್ನು ಹತ್ತು ನಿಮಿಷದಲ್ಲಿ ಕೆಡವಿದೆನೇ? ಹನ್ನೆರಡು ಶತಮಾನ ಬೀಳದ್ದು ನನ್ನ ಕೈಯಲ್ಲೇ ಬೀಳಬೇಕಿತ್ತೇ?

ಮಾಮಾನಿಂದ ಬೈಗುಳ ಬಂದಿದ್ದರೆ ಹಗುರಾಗುತ್ತಿತ್ತು. ಅವರು ಮಣೆಯಿಂದ ಇಳಿದು ಬರಿ ನೆಲದ ಮೇಲೆ ಕೂತುಬಿಟ್ಟರು. ಸೊಳ್ಳೆಗೆ ಅಂಜುವ, ಮಿಂಚಿಗೆ ಅಂಜುವ ಮಾಮಾ ಎಷ್ಟು ಗದ್ದಲ ಮಾಡುತ್ತಿದ್ದರು! ನಿಜವಾದ ಅಂಜಿಕೆ ಬಂದಾಗ ಅವರಿಗೆ ಸದ್ದೇ ಇರುವುದಿಲ್ಲವೆಂದು ನನಗೆ ಅಂದು ಗೊತ್ತಾಯಿತು.

ಅತ್ತಿ ಕುರ್ಚಿಯಲ್ಲಿ ಕೂತಲ್ಲಿಂದಲೇ ಕೇಳಿದರು, "ಏನ್ ಮಾಡ್ದಿ, ಜರಾ ಬಿಡಿಸಿ ಹೇಳವ್ವ."

"ಏನಿಲ್ಲ ಅತ್ತಿ. ಆಟಕ್ಕ ಹೊಸಾ ಜಾಗ ಮಾಡಿ, ಅಲ್ಲಿ ಮಾಡ್ ಹಾಕಿ ಚಾಲೂ ಮಾಡ್ದೆ."

"ಹೊಸಾ ಮನಿಗಿ ಹೋಗಿ ಹಳೇ ಸಾಮಾನು ಹುಡಿಕಿದ್ರ ಸಿಗತದೇನ? ಹಳೇ ಮನ್ಯಾಗ ನೋಡಿದೇನು?"

ನಾನು ಅತ್ತಿಯ ಮುಖ ನೋಡಿದೆ. ನನ್ನ ಇಪ್ಪತ್ತು ವರ್ಷದ ನೌಕರಿ ಗಾಳಿಗೆ ಹೋಯಿತು! ಹೌದು, ಹೊಸ ಜಾಗದಲ್ಲಿ ಆಟ ತನ್ನದೇ ಹೊಸ ಫೋಲ್ಡರ್ ಮಾಡಿಕೊಂಡಿತ್ತು, ನಾನು ನೋಡುತ್ತಿದ್ದ ಖಾಲಿ ಪಟ್ಟಿ ಅದರದು. ಹಳೆಯ ಫೋಲ್ಡರಿಗೆ ಹೋಗಿ ನೋಡಿದರೆ ಲೋಕ ಅಲ್ಲೇ, ಒಂದು ಇಟ್ಟಿಗೆಯೂ ಅಲುಗದೆ ಕೂತಿತ್ತು. ಈ ಸಲ ಮೊದಲು ನಾಲ್ಕೂ ಪೆನ್‌ಡ್ರೈವಿಗೆ ನಿಜವಾದ ನಕಲು ತುಂಬಿದೆ. ಆಮೇಲೆ ಲೋಕವನ್ನು ಹೊಸ ಜಾಗಕ್ಕೆ ಸಾಗಿಸಿ ತೆರೆದೆ.

ಎಣ್ಣೆ ಸುರಿದಂತೆ ಜಾರಿತು ಆಟ! ಗುಡ್ಡ ತಿರುಗಿತು, ಶಿಖರ ಎದ್ದಿತು, ಎಲ್ಲೂ ತಡವರಿಕೆಯಿಲ್ಲ. ಮಾಮಾ ನೆಲದಿಂದ ಎದ್ದು ಬಂದು, ಅತ್ತಿಯ ಎಡಕ್ಕೆ ಸ್ಟೂಲು ಎಳೆದು ಕೂತರು. ಅತ್ತಿ ಬಲಗೈಯಲ್ಲಿ ಮೌಸು ಹಿಡಿದರು.

"ನಡೀರಿ" ಎಂದರು ಅತ್ತಿ. ಮಾಮಾ ನಡೆದರು. ಆನೆಗಳ ಸಾಲು ದಾಟಿ, ಮೆಟ್ಟಿಲು ಹತ್ತಿ, ಗುಡ್ಡದ ನೆತ್ತಿಯ ಅಂಚಿಗೆ ಬಂದು ನಿಂತರು.

"ಈ ಕಟಕಟಿ ತಗೀರಿ. ಕೆಳಗ ಅಂಗಳ ಕಾಣವಲ್ದು."

"ಬ್ಯಾಡ. ಬೀಳ್ತಿ."

"ಖರೇ ಬಿದ್ದಾಕಿ ನಾ. ಇದ್ರಾಗ ಬೀಳ್ಲಿಕ್ಕ ಏನಂಜಿಕಿ? ತಗೀರಿ."

ಮಾಮಾ ಒಂದೊಂದೇ ಚೌಕ ಒಡೆದರು. ಅಂಚು ಬರಿದಾಯಿತು. ಅತ್ತಿ ಕೆಳಗೆ ನೋಡಿದರು, ಶಿಖರದ ನೆತ್ತಿ ಕಂಡಿತು. "ಇನ್ನೊಂದ್ ಹೆಜ್ಜಿ ಮುಂದ. ಇನ್ನೊಂದೇ." ಮಾಮಾನ ಬೆರಳು ಬಟನ್ನಿನ ಮೇಲೆ ನಿಂತಿತ್ತು. ಅವರು ಒತ್ತಿದರು.

ಪರದೆ ಗಿರ್ರನೆ ಕೆಳಗೆ ಹೋಯಿತು. ಬಂಡೆ, ಬಂಡೆ, ಬಂಡೆ, ಧಡ್!

ಆಟದಲ್ಲಿ ಬಿದ್ದವರು ಮರುಕ್ಷಣ ಗುಡಿಯ ಬಾಗಿಲ ಹತ್ತಿರ ಮತ್ತೆ ಎದ್ದು ನಿಲ್ಲುತ್ತಾರೆ. ಇಬ್ಬರಿಗೂ ಅದು ಗೊತ್ತು. ಆದರೆ ಮಾಮಾ ಆಗಲೇ ಬಟನ್ನು ಬಿಟ್ಟು, ಅತ್ತಿಯ ಸೋತ ಎಡಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದಿದ್ದರು. ಪರದೆಯತ್ತ ನೋಡದೆ ಆಕೆಯ ಮುಖವನ್ನೇ ನೋಡುತ್ತ ಕೇಳಿದರು, "ಪೆಟ್ಟಾತೇನ?"

ನಾನು ನಗಬೇಕೆಂದಿದ್ದೆ. ಅತ್ತಿ ನಗಲಿಲ್ಲ.

"ಇಲ್ರಿ" ಎಂದರು, "ನೀವ್ ಹಿಡದೀರಲ್ಲ."