ಇಪ್ಪತ್ತು ಯೂರೋ ಹಡಗು

ಇಪ್ಪತ್ತು ಯೂರೋ ಕೊಟ್ಟೆ. ಒಂದು ಸೆಂಟೂ ಇಳಿಸಲಿಲ್ಲ. ನನ್ನನ್ನು ಬಲ್ಲವರು ನಂಬುವುದಿಲ್ಲ. ಸ್ವಂತ ಮದುವೆಯಲ್ಲಿ ಹಸೆಮಣೆಯಿಂದೆದ್ದು ವಾಲಗದವರ ಹತ್ತಿರ ಚೌಕಾಸಿಗೆ ಹೋದವನು ನಾನು. ಕೊಂಡದ್ದು ಒಂದು ಹಳೆಯ ಗ್ರಾಮಫೋನ್ ರೆಕಾರ್ಡು. ಅದನ್ನು ನುಡಿಸುವ ಯಂತ್ರ ನಮ್ಮಲ್ಲಿಲ್ಲ. ಕೇಳಿದಷ್ಟು ಯಾಕೆ ಕೊಟ್ಟೆನೆಂದರೆ, ಮಾರುವವನು ಸತ್ತುಹೋಗಿದ್ದ. ಸತ್ತವರ ಹತ್ತಿರ ಬೆಲೆ ಇಳಿಸುವ ವಿದ್ಯೆ ನನಗಿನ್ನೂ ಕೈಹತ್ತಿಲ್ಲ.

ಮಾರುವವನೆಂದರೆ ನಾವೀಗ ನೆಲೆಸಿರುವ ಬ್ಯಾಲಿನ್‌ಕೊಲಿಗ್ ಎಂಬ ಪರದೇಶದ ಊರಿನಲ್ಲಿ ನಮ್ಮ ಪಕ್ಕದ ಮನೆಯ ಡೆನಿಸ್. ಸರಕು ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತನಾದ ಒಂಟಿ ಮುದುಕ. ಲಾಕ್‌ಡೌನಿನಲ್ಲಿ ವಯಸ್ಸಾದವರು ಮನೆ ಬಿಟ್ಟು ಹೊರಡಬಾರದೆಂದಾಗ, ತನ್ನ ರೆಕಾರ್ಡುಗಳನ್ನು ಹಿತ್ತಿಲ ಗೋಡೆಯ ಮೇಲೆ ಮಾರಾಟಕ್ಕಿಟ್ಟ. ಗಿರಾಕಿ ನಾನೊಬ್ಬನೇ. ನನ್ನ ಕಣ್ಣಿಗೆ ಬಿದ್ದದ್ದು ಅಮೆರಿಕದ ಕಪ್ಪು ಗಾಯಕರ ತಂಡವೊಂದರ ಸೋಲ್ ಸಂಗೀತದ ಆಲ್ಬಮ್. ನಡುಗಡಲಲ್ಲಿ ಇನ್ನೊಂದು ಹಡಗು ಕಂಡಾಗ ನಾವಿಕರು ಹಾಕುವ ಕೂಗೇ ಅದರ ಹೆಸರು. ಹೆಸರು ಲವಲವಿಕೆಯದು, ಒಳಗಿನ ಹಾಡಿನ ಹಡಗಿನಲ್ಲಿ ಮಾತ್ರ ಸಂಕೋಲೆ ತೊಟ್ಟ ಗುಲಾಮರು ಎಂದ ಡೆನಿಸ್. ಆ ಕೂಗಿಗೆ ಮರುಕೂಗು ಕೊಡಲೇಬೇಕು, ಅದು ಕಡಲಿನ ಮರ್ಯಾದೆ ಎಂದೂ ಹೇಳಿದ. ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಅದನ್ನೇ ಕೂಗುತ್ತಿದ್ದ. ನಾನು ಕಾಫಿ ಹಿಡಿದು ಹೋಗಿ ಎಂಟು ಯೂರೋ ಅನ್ನುತ್ತಿದ್ದೆ. ಅವನದು ಇಪ್ಪತ್ತೇ. ಒಂದು ಗಂಟೆ ಜಗ್ಗಾಡಿದ ಮೇಲೆ, ಗ್ರ್ಯಾಂಡ್, ಆಗಲಿ, ನಾಳೆ ನೋಡೋಣ ಎಂದು ಒಳಗೆ ಹೋಗುತ್ತಿದ್ದ.

ಒಂದು ಬೆಳಿಗ್ಗೆ ಕೂಗು ಬರಲಿಲ್ಲ. ಮರುದಿನವೂ ಇಲ್ಲ. ಗಿರಾಕಿಯನ್ನು ಕಾಯಿಸಿ ಹಣ್ಣು ಮಾಡುವ ಈ ಪಟ್ಟನ್ನು ಚಿಕ್ಕಪೇಟೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ನಾನೂ ಪರದೆ ಎಳೆದು ಕೂತೆ. ಹೆಂಡತಿ ಕಿಟಕಿಯಿಂದ ನೋಡಿ ಬಂದಳು.

"ಏನ್ರೀ, ಡೆನಿಸ್ ಕಸದ ಬಿನ್ ಹೊರಗೆ ಇಟ್ಟೇ ಇಲ್ಲ. ಹೋಗಿ ಕರೀಬಾರ್ದಾ?"

"ಸುಮ್ನಿರೇ. ಈಗ ಕರೆದ್ರೆ ನಂಗೇ ಗರಜು ಅಂತ ಗೊತ್ತಾಗುತ್ತೆ. ಸಂಜೆಗೆ ಹನ್ನೆರಡು ಯೂರೋಗೆ ಇಳೀತಾನೆ ನೋಡು."

"ಹೆಣ ಬಿದ್ದಿದ್ರೂ ಚೌಕಾಸಿ ಮಾಡ್ತೀರಲ್ಲ," ಎಂದವಳೇ ಹೋಗಿ, ಅವನ ಬಾಗಿಲಿನ ಅಂಚೆಕಿಂಡಿಯಿಂದ ಇಣುಕಿ, ಆಂಬುಲೆನ್ಸ್ ಕರೆದಳು. ಕೀಲಿ ಯಾರ ಹತ್ತಿರವೂ ಇರಲಿಲ್ಲ, ಬಾಗಿಲು ಒಡೆಯಬೇಕಾಯಿತು. ಸೊಂಟ ಮುರಿದು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದ, ಜೀವವಿತ್ತು. ಆಸ್ಪತ್ರೆಯಲ್ಲಿ ಕೊರೊನಾ ಹತ್ತಿತು. ನೋಡಲು ಯಾರನ್ನೂ ಬಿಡಲಿಲ್ಲ. ಶವದ ಕಾರು ನಮ್ಮ ಬೀದಿಯಲ್ಲಿ ನಿಧಾನವಾಗಿ ಹಾದುಹೋದಾಗ ಎಲ್ಲರೂ ಅವರವರ ಗೇಟಿನಲ್ಲಿ ನಿಂತೆವು. ಅಷ್ಟೇ ಅಂತ್ಯಕ್ರಿಯೆ.

ಮನೆ ಖಾಲಿ ಮಾಡಲು ಬಂದ ಅವನ ಮಗಳು ಆ ರೆಕಾರ್ಡನ್ನು ಗೋಡೆಯ ಮೇಲಿಟ್ಟು ದೂರ ಸರಿದು ನಿಂತಳು. ಎಷ್ಟು ಎಂದೆ, ಅಭ್ಯಾಸ.

"ಐದಕ್ಕೂ ಕೊಡ್ತಿದ್ರು ಅಪ್ಪ," ಎಂದಳು. "ಬೆಲೆ ಕುದುರಿದ್ರೆ ನೀವು ನಾಳೆ ಬರಲ್ಲ ಅಂತ ಫೋನಲ್ಲಿ ನಗ್ತಿದ್ರು."

ಇಪ್ಪತ್ತು ಯೂರೋ ಗೋಡೆಯ ಮೇಲಿಟ್ಟು ಬಂದೆ.

ಆದ್ದರಿಂದ ನನ್ನ ಮಾತು ಕೇಳಿ: ಪಕ್ಕದಲ್ಲಿ ಒಂಟಿಯಾಗಿರುವವರಿದ್ದರೆ ಇವತ್ತೇ ಹೋಗಿ ಅವರ ಮನೆಯದೊಂದು ಕೀಲಿ ಇಸಿದುಕೊಳ್ಳಿ. ಬದಲಿಗೆ ಏನು ಕೇಳಿದರೂ ಒಪ್ಪಿಕೊಳ್ಳಿ. ನಮ್ಮ ಎದುರುಮನೆಯ ಅಜ್ಜಿ ಕೀಲಿಗೆ ವಾರಕ್ಕೆರಡು ದೋಸೆ ಕೇಳಿದರು. ನಾನು ಒಂದೂವರೆಗೆ ಇಳಿಸಲು ನೋಡಿದೆ. ನೀವು ಹಾಗೆ ಮಾಡಬೇಡಿ.