ಸಕುಟುಂಬ ಸಪರಿವಾರ ವೀಸಾ

ಒಂದು ಸಲ ವೀಸಾ ಸಿಕ್ಕವನು ತನ್ನನ್ನು ಅದೃಷ್ಟವಂತ ಎಂದುಕೊಳ್ಳುವುದಿಲ್ಲ, ತಜ್ಞ ಎಂದುಕೊಳ್ಳುತ್ತಾನೆ. ಈ ಕಾಯಿಲೆ ನನಗೆ ಹದಿನಾರು ವರ್ಷಗಳಿಂದ ಇದೆ. ದಾವಣಗೆರೆಯಲ್ಲಿ ಡಾಕ್ಟರಿಕೆ ಓದಿ, ಐರ್ಲೆಂಡಿನ ಲೆಟರ್‌ಕೆನ್ನಿಯ ಮಳೆಯಲ್ಲಿ ನಾಲ್ಕು ವರ್ಷ ನೆನೆದು, ಈಗ ಅದೇ ದೇಶದ ನೇಸ್‌ನಲ್ಲಿ ಮಂದಿಯ ಎದೆಬಡಿತ ಕೇಳಿಕೊಂಡಿದ್ದೇನೆ. ಆದರೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನನ್ನ ಕೀರ್ತಿ ಹಬ್ಬಿರುವುದು ಸ್ಟೆತಾಸ್ಕೋಪಿನಿಂದಲ್ಲ, ಫಾರ್ಮು ತುಂಬುವ ಕಲೆಯಿಂದ. ಯಾರ ಅತ್ತೆ ಬರಬೇಕಾದರೂ, ಯಾರ ಮಾವ ಹೊರಡಬೇಕಾದರೂ ನನ್ನ ಟೀ ಆರಿಹೋಗುತ್ತದೆ. ನಾನೂ ಕನ್ನಡಕ ಏರಿಸಿ, "ಫೋಟೋದಲ್ಲಿ ಎರಡೂ ಕಿವಿ ಕಾಣ್ತವಾ?" ಎಂದು, ರೋಗಿಗೆ ಹೊಟ್ಟೆಯ ವಿಚಾರ ಕೇಳುವ ಗಾಂಭೀರ್ಯದಲ್ಲೇ ಕೇಳುತ್ತೇನೆ.

ನಮ್ಮ ವಾರ್ಡಿನ ನರ್ಸ್ ಫಾತು ಬಂದದ್ದೂ ಹೀಗೆಯೇ. ಅವಳ ಊರು ಸಿಯೆರಾ ಲಿಯೋನ್‌ನ ಫ್ರೀಟೌನ್. ಇಲ್ಲಿಗೆ ಬಂದು ಬಹಳ ವರ್ಷಗಳಾಗಿ, ನನ್ನ ಹಾಗೆಯೇ ಐರಿಷ್ ಪಾಸ್‌ಪೋರ್ಟು ಪಡೆದವಳು. ತಮ್ಮ ಮಾತ್ರ ಆಫ್ರಿಕಾದ ಅದೇ ಕರಾವಳಿಯಲ್ಲಿ ಬಹಳ ಕೆಳಗಿರುವ ಇನ್ನೊಂದು ದೇಶದಲ್ಲಿ ಕೆಲಸಕ್ಕಿದ್ದ, ಅಲ್ಲಿಯದೇ ಹುಡುಗಿಯನ್ನು ಮೆಚ್ಚಿದ್ದ. ಆ ದೇಶದ ಹೆಸರು ಬೇಡ. ಮುಂದೆ ನಮ್ಮ ಯಾರಿಗಾದರೂ ಅಲ್ಲಿನ ವೀಸಾ ಬೇಕಾದೀತು. ಮದುವೆಗೆ ಐದು ವಾರ ಉಳಿದಿತ್ತು. ಫಾತುವಿನ ತಂದೆ ಇಲ್ಲ. ಅವರ ಪದ್ಧತಿಯಲ್ಲಿ ಗಂಡಿನ ಕಡೆಯ ಹಿರಿಯರು ಸೋರೆಬುರುಡೆಯಲ್ಲಿ ಕೋಲಾ ಕಾಯಿ ಇಟ್ಟು ಹೆಣ್ಣಿನ ಮನೆಯವರ ಕೈಗೆ ಕೊಡಬೇಕಂತೆ, ನಮ್ಮಲ್ಲಿ ತಾಂಬೂಲ ಬದಲಾಯಿಸುವ ಹಾಗೆ. ಅದನ್ನು ಕೊಡಲು ಉಳಿದವಳು ಫ್ರೀಟೌನ್‌ನಲ್ಲಿರುವ ತಾಯಿಯೊಬ್ಬಳೇ. ತಾಯಿ ಹೋಗದಿದ್ದರೆ ಬುರುಡೆ ಇಲ್ಲ, ಬುರುಡೆ ಇಲ್ಲದಿದ್ದರೆ ಮದುವೆ ಇಲ್ಲ.

ಅದರಲ್ಲೇನು ಕಷ್ಟ, ಆಫ್ರಿಕಾದವರು ಆಫ್ರಿಕಾಕ್ಕೆ ಹೋಗಲು, ಎಂದೆ ನಾನು. ಫಾತು ತನ್ನ ಫೋನು ನನ್ನ ಮುಂದಿಟ್ಟಳು. ಆ ದೇಶದ ವೆಬ್‌ಸೈಟಿನಲ್ಲಿ ನಮ್ಮ ಪೌರತ್ವ ಆರಿಸಿದರೆ ಉತ್ತರ ಬರುತ್ತದೆ. ಐರ್ಲೆಂಡ್ ಎಂದು ಒತ್ತಿದೆ: ವೀಸಾ ಬೇಡ, ಸುಸ್ವಾಗತ. ಸಿಯೆರಾ ಲಿಯೋನ್ ಎಂದು ಒತ್ತಿದೆ: ಪುಟ ಕೆಳಗೆ ಕೆಳಗೆ ಹೋಗುತ್ತಲೇ ಇತ್ತು. ನಕಾಶೆಯಲ್ಲಿ ಆ ದೇಶ ಎಲ್ಲಿದೆಯೆಂದು ಹುಡುಕಬೇಕಾದ ನಾನು ಚಪ್ಪಲಿ ಹಾಕಿಕೊಂಡು ಹೊರಟುಬಿಡಬಹುದು. ಮಗನ ಮದುವೆ ಮಾಡಬೇಕಾದ ತಾಯಿ ಹನ್ನೊಂದು ಕಾಗದ ಕೊಡಬೇಕು. "ನಾವಿಬ್ರೂ ಹೋದ್ರೆ ಸ್ವಾಗತ ಮಾಡ್ತಾರೆ, ಡಾಕ್ಟರ್. ಅಮ್ಮ ಹೋದ್ರೆ ಯಾಕೆ ಬಂದೆ ಅಂತಾರೆ," ಎಂದಳು ಫಾತು. ವಿಮಾನದ ಕಥೆಯೂ ಅಷ್ಟೇ. ನೇರ ವಿಮಾನ ಇಲ್ಲ. ಸಿಕ್ಕ ದಾರಿ ಯೂರೋಪಿಗೆ ಹಾರಿಬಂದು, ಅಲ್ಲಿ ನಿಲ್ದಾಣದೊಳಗೇ ಒಂಬತ್ತು ಗಂಟೆ ಕೂತು, ಮತ್ತೆ ಆಫ್ರಿಕಾಕ್ಕೆ ಹಾರುವುದು. ದಾವಣಗೆರೆಯಿಂದ ಹೊಸಪೇಟೆಗೆ ದಿಲ್ಲಿಯ ಮೇಲೆ ಹೋದಂತೆ. ಇನ್ನು ಸ್ವಲ್ಪ ಮುಂದೆ ಬಂದರೆ ಅಮ್ಮ ನೇಸ್‌ನಲ್ಲೇ ಟೀ ಕುಡಿದು ಹೋಗಬಹುದಿತ್ತು ಎಂದು ಫಾತು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಹನ್ನೊಂದರಲ್ಲಿ ಮುಖ್ಯವಾದದ್ದು ಹೆಣ್ಣಿನ ತಂದೆಯ ಆಹ್ವಾನ ಪತ್ರ. ಒಕ್ಕಣೆ ಕಳಿಸಿದರೆ ಸಹಿ ಹಾಕುತ್ತೇನೆ ಎಂದಿದ್ದರು ಆ ಮಹಾಶಯರು. ಅದನ್ನು ನನಗೆ ಬಿಡು ಎಂದೆ. ಬಿಡಬಾರದಿತ್ತು. ನನಗೆ ಬರೆಯುವುದು ಕಲಿಸಿದವರು ನಮ್ಮ ದೊಡ್ಡಪ್ಪ. ಬೀದಿಯ ಲಗ್ನಪತ್ರಿಕೆಗಳೆಲ್ಲ ಅವರ ಕೈಯಿಂದಲೇ ಪ್ರೆಸ್ಸಿಗೆ ಹೋಗುತ್ತಿದ್ದವು. ಒಬ್ಬರನ್ನೇ ಹೆಸರಿಟ್ಟು ಕರೆಯುವುದು ಕರೆಯುವುದಲ್ಲ, ನೀನು ಬಂದರೆ ಸಾಕು ಉಳಿದವರು ಬೇಡ ಅಂದ ಹಾಗೆ, ಎನ್ನುತ್ತಿದ್ದರು. ಆ ಸಂಸ್ಕಾರ ಎಲ್ಲಿ ಹೋದೀತು? ಇಂಗ್ಲಿಷಿನಲ್ಲೇ ಬರೆದೆ, ಆದರೆ ಬರೆದದ್ದು ದೊಡ್ಡಪ್ಪನ ಕೈ: ತಾವು ಸಕುಟುಂಬ ಸಪರಿವಾರ, ಬಂಧುಮಿತ್ರರೊಡನೆ, ಎರಡು ದಿನ ಮುಂಚಿತವಾಗಿಯೇ ಆಗಮಿಸಿ, ಮದುವೆಯ ನಂತರವೂ ಕೆಲದಿನ ನಮ್ಮಲ್ಲಿದ್ದು, ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ. ಓದಿ ನನ್ನ ಕಣ್ಣೇ ತುಂಬಿತು. ಹೆಣ್ಣಿನ ತಂದೆ ಮೆಚ್ಚಿ ಸಹಿ ಹಾಕಿದರಂತೆ.

ಹತ್ತು ದಿನಗಳ ಮೇಲೆ ವೀಸಾ ಕಚೇರಿಯ ಉತ್ತರ ಬಂತು. ಅರ್ಜಿಯನ್ನು ತಡೆಹಿಡಿಯಲಾಗಿದೆ. ಜೊತೆಗೆ ಬರುವ ಕುಟುಂಬ, ಪರಿವಾರ, ಬಂಧುಗಳು ಮತ್ತು ಮಿತ್ರರ ಪಟ್ಟಿ, ಪ್ರತಿಯೊಬ್ಬರ ಪಾಸ್‌ಪೋರ್ಟ್ ಪ್ರತಿ, ತಂಗುವ ಜಾಗದ ಪುರಾವೆ ಒದಗಿಸಿ. "ಕೆಲದಿನ" ಎಂದರೆ ಎಷ್ಟು ದಿನ, ತಿಳಿಸಿ.

ಫಾತು ಅದನ್ನು ಎರಡು ಸಲ ಓದಿ, "ಇಟ್ಸ್ ಗ್ರ್ಯಾಂಡ್, ಡಾಕ್ಟರ್," ಎಂದಳು. ಐರ್ಲೆಂಡಿನಲ್ಲಿ ಗ್ರ್ಯಾಂಡ್ ಎಂದರೆ ಪರವಾಗಿಲ್ಲ ಎಂದು; ಆದರೆ ಯಾರಾದರೂ ಅದನ್ನು ಅಷ್ಟು ಮೆಲ್ಲಗೆ ಅಂದರೆ ಮನೆ ಕುಸಿದಿದೆ ಎಂದರ್ಥ. ಆ ದಿನ ನಾನು ಮೂರು ರೋಗಿಗಳ ರಕ್ತದೊತ್ತಡ ನೋಡಿದೆ. ನನ್ನದನ್ನು ನೋಡಿಕೊಳ್ಳಲು ಧೈರ್ಯ ಬರಲಿಲ್ಲ.

ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ ಸುಧಾ, "ನಿಮ್ಮ ದೊಡ್ಡಪ್ಪ ಊಟದ ಎಲೆ ಲೆಕ್ಕ ತಪ್ಪಿಸ್ತಿದ್ರು, ನೀವು ಮದುವೇನೇ ತಪ್ಪಿಸ್ತಿದ್ದೀರಲ್ರೀ," ಎಂದಳು. ಇಲ್ಲೇ ಹುಟ್ಟಿದ ಮಗಳು ಅನನ್ಯಾ ನನ್ನ ಪತ್ರ ಓದಿ, ನೇಸ್‌ನ ರಾಗದಲ್ಲಿ, "ಡ್ಯಾಡ್, ಜಸ್ಟ್ ಸೇ ಒನ್ ವುಮನ್ ಈಸ್ ಕಮಿಂಗ್, ಲೈಕ್," ಎಂದಳು. ಕೂತು ಬರೆದೆವು. ಎರಡೇ ಸಾಲು: ವರನ ತಾಯಿ ಒಬ್ಬರೇ ಬರುತ್ತಾರೆ. ಆರನೇ ದಿನ ಒಬ್ಬರೇ ವಾಪಸು ಹೋಗುತ್ತಾರೆ. ಇಷ್ಟು ದರಿದ್ರವಾದ ಆಮಂತ್ರಣವನ್ನು ನಮ್ಮ ವಂಶದಲ್ಲಿ ಯಾರೂ ಬರೆದಿರಲಿಲ್ಲ. ಮದುವೆಗೆ ನಾಲ್ಕು ದಿನ ಇರುವಾಗ ವೀಸಾ ಬಂತು.

ಆ ತಾಯಿ ಸೋರೆಬುರುಡೆಯನ್ನು ಮಡಿಲಲ್ಲಿ ಇಟ್ಟುಕೊಂಡು ಯೂರೋಪಿನ ಗಾಜಿನ ಗೋಡೆಯ ಹಿಂದೆ ಒಂಬತ್ತು ಗಂಟೆ ಕೂತಿದ್ದ ಫೋಟೋ ಫಾತು ತೋರಿಸಿದಳು. ಅದಕ್ಕೂ ಮೊದಲೇ ನನ್ನ ಹೆಸರಿಗೆ ಆ ತಾಯಿಯಿಂದ ಮದುವೆಯ ಕಾರ್ಡು ಬಂದಿತ್ತು, ಕೆಳಗೆ ಕೈಬರಹದ ಟಿಪ್ಪಣಿ: ಡಾಕ್ಟರ್ ಒಬ್ಬರೇ ಬರಬೇಕು, ಒಬ್ಬರೇ ವಾಪಸು ಹೋಗಬೇಕು, ಹೀಗೆ ಬರೆದರೇ ಕ್ಷೇಮವೆಂದು ನಿಮ್ಮಿಂದಲೇ ಕಲಿತೆವು. ಸುಧಾ ಅದನ್ನು ಓದಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ವೀಸಾ ಬೇಡದ ನನಗೆ ಮದುವೆಯ ಶನಿವಾರವೇ ಡ್ಯೂಟಿ ಇತ್ತು, ಹೋಗಲಾಗಲಿಲ್ಲ.

ಮದುವೆ ಮುಗಿಸಿ ಬಂದ ಫಾತು ಬುರುಡೆಯಿಂದ ಉಳಿಸಿದ್ದ ಒಂದು ಕೋಲಾ ಕಾಯಿ ತಂದುಕೊಟ್ಟಳು. ಮನೆಮಂದಿಯೆಲ್ಲ ಹಂಚಿ ತಿನ್ನಬೇಕೆಂದು ಅಮ್ಮನ ಅಪ್ಪಣೆಯಂತೆ. ಊಟವಾದ ಮೇಲೆ ಮೂರು ಪಾಲು ಮಾಡಿದೆ. ಮಗಳು ಒಂದು ಚೂರು ಕಚ್ಚಿ ಮುಖ ಹುಳ್ಳಗೆ ಮಾಡಿ ತಟ್ಟೆಗೆ ವಾಪಸಿಟ್ಟಳು. ಹಾಗಲಕಾಯಿಗೆ ಅಣ್ಣ ಅದು. ಸುಧಾ ತನ್ನ ಪಾಲನ್ನು ಮುಟ್ಟಲೇ ಇಲ್ಲ; ತಟ್ಟೆಯನ್ನು ನನ್ನ ಕಡೆ ಸರಿಸಿ ಫ್ರಿಜ್ಜಿನತ್ತ ಕಣ್ಣು ತೋರಿಸಿದಳು.

"ಕಾರ್ಡಲ್ಲಿ ನಿಮ್ಮೊಬ್ರ ಹೆಸರೇ ತಾನೇ ಇದ್ದಿದ್ದು? ನೀವೊಬ್ರೇ ತಿನ್ನಿ."

ಮೂರನೆಯ ಪಾಲು ಈಗ ಬಾಯಲ್ಲಿದೆ.