ಸಾಹೇಬರ ಸಂಸಾರಕ್ಕೊಂದು ಅಡ್ಡಗೋಡೆ

ಆ ಮನೆಗಿದ್ದದ್ದು ಎರಡೇ ಕಿಟಕಿ. ಹಾಲಿನ ಕಿಟಕಿಯ ಮುಂದೆ ಟೈಮ್‌ಕೀಪರನ ಅಕ್ವೇರಿಯಂ, ಮಲಗುವ ಕೋಣೆಯ ಕಿಟಕಿಯ ಮುಂದೆ ಟೈಮ್‌ಕೀಪರನ ಮಂಚ. ಅವನ ಹೆಂಡತಿಯ ಹೊಲಿಗೆ ಮಿಷನ್ನಿಗೆ ಉಳಿದದ್ದು ಅಡುಗೆಮನೆಯ ಮೂಲೆ. ಅಲ್ಲಿ ಬೆಳಕಿಲ್ಲ, ಸಾಲದ್ದಕ್ಕೆ ಗಿರಾಕಿಗಳ ಬಟ್ಟೆಗೆಲ್ಲ ಈರುಳ್ಳಿ ಹುರಿದ ವಾಸನೆ. ಹೋದ ವಾರ ಒಬ್ಬಾಕೆ ಹೊಸ ಅಂಗಿಯನ್ನು ಮೂಸಿ ನೋಡಿ, "ಉಪ್ಪು ಸ್ವಲ್ಪ ಕಮ್ಮಿ" ಎಂದು ಹೇಳಿ ಹೋದಮೇಲೆ ಹೆಂಡತಿ ಗಡುವು ಕೊಟ್ಟಳು.

"ಭಾನುವಾರ ಸಂಜೆ ಆರು ಗಂಟೆ. ಅಷ್ಟರೊಳಗೆ ನಿಮ್ಮ ಮೀನು ಮೊಟ್ಟೆ ಇಟ್ರೆ ಟ್ಯಾಂಕು ಅಲ್ಲೇ ಇರ್ಲಿ, ನಾನು ತುಟಿ ಪಿಟಕ್ ಅನ್ನಲ್ಲ. ಇಡ್ಲಿಲ್ವೋ, ಹಲ್ಲಿನ ಡಾಕ್ಟ್ರು ವ್ಯಾನ್ ತಗೊಂಡು ಬರ್ತಾರೆ. ಅವರ ಕ್ಲಿನಿಕ್ಕಲ್ಲಿ ಕಾಯೋರಿಗೆ ನೋಡೋಕೆ ಏನಾದ್ರೂ ಬೇಕಂತೆ."

ಬಸ್ ಡಿಪೋದಲ್ಲಿ ಕೂತು ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆಯುವವನಿಗೆ ಗಡುವೆಂದರೇನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ತಡಮಾಡುವ ಬಸ್ಸಿಗೆ ಸೀಟಿ ಊದಬಹುದು. ಮೀನಿಗೆ ಊದಿ ಏನು ಪ್ರಯೋಜನ?

ಮೀನೆಂದರೆ ಅಂತಿಂಥ ಮೀನಲ್ಲ. ಸಿಕ್ಲಿಡ್ ಜಾತಿಯದು, ಮೊಣಕೈಯುದ್ದ, ಮೂಗಿನ ತುದಿಯಲ್ಲೇ ಕೋಪ. ಹಣೆ ಡಿಪೋ ಮ್ಯಾನೇಜರರ ಹಣೆಯ ಹಾಗೇ ಮುಂದಕ್ಕೆ ಉಬ್ಬಿತ್ತು. ಆದ್ದರಿಂದ ಅದಕ್ಕೆ 'ಸಾಹೇಬರು' ಎಂದೇ ಹೆಸರು. ಬೆರಳುದ್ದ ಇದ್ದಾಗ ತಂದು ಮೂರು ವರ್ಷ ಕೈಯಾರೆ ತಿನ್ನಿಸಿ ಸಾಕಿದ ಟೈಮ್‌ಕೀಪರನಿಗೆ ಸಾಹೇಬರೆಂದರೆ ಪ್ರಾಣ. ಸಾಹೇಬರಿಗೆ ಮಾತ್ರ ಅವನನ್ನು ಕಂಡರೆ ಆಗುತ್ತಿರಲಿಲ್ಲ.

ತಿಂಗಳ ಹಿಂದೆ ಸಾಹೇಬರಿಗೊಂದು ಹೆಣ್ಣು ತಂದು ಬಿಟ್ಟ. ಎರಡು ನಿಮಿಷದಲ್ಲಿ ಅದರ ಅರ್ಧ ಬಾಲ ಮಾಯ. ಅವತ್ತೇ ತೊಟ್ಟಿಯ ನಡುವೆ ಅಡ್ಡಗೋಡೆ ಬಂತು. ಆಫೀಸುಗಳ ಚಾವಣಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಹಾಕುತ್ತಾರಲ್ಲ, ಚೌಕ ಚೌಕ ತೂತಿನ ಪ್ಲಾಸ್ಟಿಕ್ ಹಲಗೆ, ಅದೇ. ಈ ಕಡೆ ಸಾಹೇಬರು, ಆ ಕಡೆ 'ಹೊಸಬಳು'. ಅವಳು ಗೋಡೆಯ ಪಕ್ಕದಲ್ಲಿ ಮೊಟ್ಟೆಯಿಟ್ಟರೆ ಸಾಹೇಬರು ತಮ್ಮ ಕಡೆಯಿಂದಲೇ ಗಂಡಿನ ಕೆಲಸ ಮುಗಿಸುತ್ತಾರೆ, ಉಳಿದದ್ದನ್ನು ತೂತಿನಲ್ಲಿ ಹರಿಯುವ ನೀರು ನೋಡಿಕೊಳ್ಳುತ್ತದೆ. ಯಾರ ಬಾಲಕ್ಕೂ ಅಪಾಯವಿಲ್ಲ. ಮೊಟ್ಟೆ ಅಂಟಿಸಲು ನುಣುಪಾದ ಜಾಗ ಬೇಕಿತ್ತು. ಬಟ್ಟೆ ಕತ್ತರಿಸುವಾಗ ಸರಿಯದಂತೆ ಹೆಂಡತಿ ಮೇಲಿಡುತ್ತಿದ್ದ ಎರಡು ಚಪ್ಪಟೆ ಕಲ್ಲುಗಳನ್ನು ಅವನು ಮೆಲ್ಲಗೆ ಎತ್ತಿ, ಗೋಡೆಯ ಆಚೆಗೊಂದು ಈಚೆಗೊಂದು ಮುಳುಗಿಸಿದ್ದ.

ಭಾನುವಾರ ಬೆಳಗ್ಗೆ ಎದ್ದವನೇ ತೊಟ್ಟಿಯ ಹಳೇ ನೀರು ಒಂದಷ್ಟು ತೆಗೆದು ತಣ್ಣನೆಯ ಹೊಸ ನೀರು ಹಾಕಿದ. ಹಾಗೆ ಮಾಡಿದರೆ ಮೊಟ್ಟೆಯಿಡುವ ಮನಸ್ಸು ಬರುತ್ತದೆಂದು ಅಕ್ವೇರಿಯಂ ಅಂಗಡಿಯವನು ಹೇಳಿದ್ದ.

"ನನ್ನ ಕಲ್ಲು ನೋಡಿದ್ರಾ?" ಹೆಂಡತಿ ನಿಂತಿದ್ದಳು. "ಜೋಡಿ ಕಲ್ಲು. ವಾರದಿಂದ ಹುಡುಕ್ತಿದೀನಿ."

"ಕಲ್ಲಾ? ನಾನ್ಯಾಕೆ ನೋಡ್ಲಿ?" ಎಂದು ಟೈಮ್‌ಕೀಪರ್ ತೊಟ್ಟಿಗೆ ಬೆನ್ನು ಕೊಟ್ಟು ಅಡ್ಡ ನಿಂತ.

"ಅಲ್ರೀ, ಈ ಸಾಹೇಬರು ಗಂಡು ಅಂತ ನಿಮಗೆ ಹೇಳಿದ್ಯಾರು?"

"ಅಂಗಡಿಯವನು. ಇಷ್ಟು ದೊಡ್ಡ ಹಣೆ ಗಂಡಿಗೇ ಬರೋದಂತೆ."

"ಅಂಗಡಿಯವನು ನಿಮ್ಮನ್ನ ಯಜಮಾನ್ರೇ ಅಂತಾನೂ ಕರೀತಾನೆ," ಎಂದಳು ಹೆಂಡತಿ.

ಅಷ್ಟರಲ್ಲಿ ಕೆಳಗಿನ ಮನೆಯ ಜೋಡಿ ಅತ್ತೆ ಬಂದರು. ಗಂಡು ಹೆಣ್ಣು ಜೋಡಿ ಮಾಡಿಸುವುದೇ ಅವರ ಕಸುಬು, ಅದಕ್ಕೇ ಆ ಹೆಸರು. ತೊಟ್ಟಿ ನೋಡಿದವರೇ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ, ಇದೇನೋ ಇದು? ಗಂಡ ಹೆಂಡ್ತಿ ಮಧ್ಯೆ ಗೋಡೆ ಹಾಕಿದೀಯ?"

"ಗೋಡೆ ಇಲ್ದಿದ್ರೆ ಕೊಂದು ಹಾಕುತ್ತೆ ಅತ್ತೆ."

"ಮೊದ್ಲು ಎಲ್ರೂ ಹಾಗೇ. ನೀನು ಕಿತ್ತಾಡಿರ್ಲಿಲ್ವಾ? ನಾನು ಮಾಡಿಸಿದ ಇನ್ನೂರು ಮದ್ವೇಲಿ ಒಂದಕ್ಕೂ ಗೋಡೆ ಹಾಕಿಲ್ಲ."

"ನಮ್ದಕ್ಕೆ ಹಾಕ್ಬೇಕಿತ್ತು," ಎಂದು ಅಡುಗೆಮನೆಯಿಂದ ದನಿ ಬಂತು.

ಟೈಮ್‌ಕೀಪರ್ ಅತ್ತೆಗೆ ಕೈಮುಗಿದು, ದಯವಿಟ್ಟು ಏನೂ ಮುಟ್ಟಬೇಡಿ ಎಂದು ಹೇಳಿ ಸ್ನಾನಕ್ಕೆ ಹೋದ. ಹಾಗೆ ಹೇಳಿದ್ದೇ ತಪ್ಪಾಯಿತು. ತಲೆಗೆ ಸೋಪು ಹಚ್ಚಿಕೊಂಡಿದ್ದಾಗ ಹಾಲಿನಿಂದ ದೊಡ್ಡ ಮಳೆ ಬಿದ್ದ ಹಾಗೆ ಸದ್ದು, ಅದರ ಹಿಂದೆಯೇ ಅತ್ತೆಯ ಕೂಗು.

ಟವೆಲ್ ಸುತ್ತಿಕೊಂಡು ಓಡಿಬಂದು ನೋಡುತ್ತಾನೆ, ಅತ್ತೆಯ ಕೈಯಲ್ಲಿ ಪ್ಲಾಸ್ಟಿಕ್ ಗೋಡೆ, ಮೈಯೆಲ್ಲ ನೀರು. "ಐದೇ ನಿಮಿಷ ಮಾತಾಡ್ಕೊಳ್ಳಿ ಅಂತ ಎತ್ತಿದ್ದು ಕಣೋ!" ತೊಟ್ಟಿಯೊಳಗೆ ಸಾಹೇಬರು ಹೊಸಬಳನ್ನು ಮೂಲೆಗೆ ಒತ್ತಿ, ಉಳಿದರ್ಧ ಬಾಲದ ವಿಚಾರಣೆ ನಡೆಸುತ್ತಿದ್ದರು.

ಟೈಮ್‌ಕೀಪರ್ ಹಿಂದೆಮುಂದೆ ನೋಡದೆ ಕೈ ಹಾಕಿದ. ಸಾಹೇಬರು ಹೊಸಬಳನ್ನು ಬಿಟ್ಟರು, ಅವನ ತೋರುಬೆರಳನ್ನು ಹಿಡಿದರು. ಅವನ ಬಾಯಿಂದ ಡಿಪೋದ ಸೀಟಿಗಿಂತ ಜೋರಾದ ಸದ್ದು ಹೊರಟಿತು, ಮೇಲಿನ ಮನೆಯವರು ಟವೆಲ್ಲಿನ ಟೈಮ್‌ಕೀಪರನನ್ನು ನೋಡಲು ಬಾಗಿಲಿಗೆ ಬಂದರು. ಹೆಂಡತಿ ಅತ್ತೆಯ ಕೈಯಿಂದ ಗೋಡೆ ಕಿತ್ತುಕೊಂಡು ಇಬ್ಬರ ನಡುವೆ ಇಳಿಸಿದಳು. ಹೊಲಿಗೆಯವಳ ಕೈ, ಒಂದು ಕೂದಲೆಳೆಯೂ ಓರೆಯಿಲ್ಲ.

ಅಲ್ಲಿಂದಾಚೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವನು ತೊಟ್ಟಿಯ ಮುಂದೆ ಕುರ್ಚಿ ಹಾಕಿ ಕೂತ. ಹನ್ನೆರಡಾಯಿತು, ಎರಡಾಯಿತು, ನಾಲ್ಕಾಯಿತು. ಹೊಸಬಳು ತನ್ನ ಮೂಲೆ ಬಿಟ್ಟು ಅಲ್ಲಾಡಲಿಲ್ಲ. ಸಾಹೇಬರಂತೂ ಗೋಡೆಯ ಬುಡ ಸೇರಿ, ಇವನಿಗೆ ಬೆನ್ನು ಹಾಕಿ ನಿಂತುಬಿಟ್ಟಿದ್ದರು. ಈ ಮೀನು ನಾಳೆಯಿಂದ ಯಾರದೋ ಹಲ್ಲು ಕೀಳುವ ಸದ್ದು ಕೇಳುತ್ತಾ ಬದುಕಬೇಕಲ್ಲ ಎಂದು ನೆನೆದು ಅವನಿಗೆ ನಿಜಕ್ಕೂ ಅಳು ಬಂತು.

ಐದೂಕಾಲಿಗೆ ಹೊಸಬಳು ಮೂಲೆ ಬಿಟ್ಟು ಎದ್ದಳು. ಕಲ್ಲಿನ ಮೇಲೆ ನಿಧಾನವಾಗಿ ಸುಳಿದಳು. ಅವಳು ಸರಿದ ಕಡೆಯೆಲ್ಲ ರಾಗಿಕಾಳಿನಷ್ಟು ಸಣ್ಣ ಮೊಟ್ಟೆಗಳ ಸಾಲು.

"ಇಟ್ಲು! ಇಟ್ಲು!" ಟೈಮ್‌ಕೀಪರ್ ಕುಣಿದ. ಅತ್ತೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿಬಂದು, "ನನ್ನ ಕೈಗುಣ! ಐದು ನಿಮಿಷ ಮಾತಾಡಿಸಿದ್ದಕ್ಕೇ ಆಗಿದ್ದು!" ಎಂದು ಸಾರಿದರು. ಹಲ್ಲಿನ ಡಾಕ್ಟರೂ ವ್ಯಾನಿನವನನ್ನು ಕೆಳಗೆ ನಿಲ್ಲಿಸಿ ಬಂದರು. ಟೈಮ್‌ಕೀಪರ್ ಅವರಿಗೆ ಬೆರಳು ತೋರಿಸಿದ.

"ನಾನು ಕಚ್ಚೋರಿಗೆ ಡಾಕ್ಟ್ರು," ಎಂದರು ಅವರು. "ಕಚ್ಚಿಸಿಕೊಂಡೋರು ಬೇರೆ ಕಡೆ ಹೋಗ್ಬೇಕು."

ಹೆಂಡತಿ ಬಗ್ಗಿ ನೋಡಿದಳು. ಮೊಟ್ಟೆ ನೋಡಿದಳು, ಮೊಟ್ಟೆಯ ಕೆಳಗಿನದನ್ನೂ ನೋಡಿದಳು.

"ಅದು ನನ್ನ ಕಲ್ಲು."

ಟೈಮ್‌ಕೀಪರನ ಕುಣಿತ ನಿಂತಿತು.

"ಇನ್ನೊಂದೆಲ್ಲಿ?"

ಅವನು ಸಾಹೇಬರ ಕಡೆ ಗದ್ದ ತೋರಿಸಿದ. ಡಾಕ್ಟರು ಜೇಬಿನಿಂದ ಪುಟ್ಟ ಟಾರ್ಚು ತೆಗೆದು, ಬಾಯಿ ಅಗಲಿಸಿ ಎನ್ನುವ ಅಭ್ಯಾಸದಲ್ಲಿ, ಗೋಡೆಯ ಬುಡಕ್ಕೆ ಬೆಳಕು ಬಿಟ್ಟರು. ಸಾಹೇಬರು ಎರಡನೆಯ ಕಲ್ಲಿನ ಮೇಲೆ ನಿಂತು ಮೆಲ್ಲಗೆ ರೆಕ್ಕೆ ಬೀಸುತ್ತಿದ್ದರು. ಕಲ್ಲಿನ ತುಂಬ ಮೊಟ್ಟೆ. ಆ ಕಡೆಗಿಂತ ಎರಡರಷ್ಟು.

ಅತ್ತೆ ಒಮ್ಮೆ ಆ ಕಲ್ಲು ನೋಡಿದರು, ಒಮ್ಮೆ ಈ ಕಲ್ಲು ನೋಡಿದರು.

"ಡಾಕ್ಟ್ರೇ," ಎಂದರು ಅತ್ತೆ ಸಣ್ಣ ದನಿಯಲ್ಲಿ, "ಗಂಡು ಮೊಟ್ಟೆ ಇಡುತ್ತಾ?"

"ಇಡಲ್ಲ."

ಅತ್ತೆ ಕುರ್ಚಿ ಹುಡುಕಿ ಕೂತರು. "ಇನ್ನೂರು ಮದ್ವೆ ಮಾಡಿಸಿದೀನಿ. ಮನೆತನ ವಿಚಾರಿಸ್ತೀನಿ, ಕೆಲಸ ವಿಚಾರಿಸ್ತೀನಿ. ಇದನ್ನೂ ವಿಚಾರಿಸ್ಬೇಕು ಅಂತ ಹೊಳೀಲೇ ಇಲ್ವಲ್ಲೋ!"

"ಎರಡೂ ಹೆಣ್ಣಾದ್ರೆ ಮರಿ ಆಗಲ್ಲ," ಎಂದರು ಡಾಕ್ಟರು. "ಎರಡು ದಿನಕ್ಕೆ ಎಲ್ಲಾ ಬೆಳ್ಳಗಾಗಿ ಕೊಳೆಯುತ್ತೆ. ಹಾಗಾದ್ರೆ ಟ್ಯಾಂಕು ಇಳಿಸೋಣವಾ?"

"ಅದು ಹೇಗೆ?" ಟೈಮ್‌ಕೀಪರ್ ತೊಟ್ಟಿಯನ್ನು ತಬ್ಬಿಕೊಂಡ. "ಮೊಟ್ಟೆ ಅಂತ ಮಾತ್ರ ಮಾತಾಗಿತ್ತು! ಮರಿ ವಿಷಯ ಎತ್ತಿರ್ಲೇ ಇಲ್ಲ!"

ಎಲ್ಲರೂ ಹೆಂಡತಿಯ ಮುಖ ನೋಡಿದರು. ಅವಳು ಸಾಹೇಬರನ್ನೇ ನೋಡುತ್ತಿದ್ದಳು, ಮೂರು ವರ್ಷದಲ್ಲಿ ಮೊದಲ ಬಾರಿಗೆ ಪ್ರೀತಿಯಿಂದ.

"ಮಾತು ಅಂದ್ರೆ ಮಾತು. ಟ್ಯಾಂಕು ಅಲ್ಲಾಡಿಸ್ಬೇಡಿ," ಎಂದಳು. "ಪಾಪ, ಬೆಳಕಿರೋ ಕಡೆ ತನಗೂ ಒಂದು ಜಾಗ ಬೇಕು ಅಂತ ಕಿತ್ತಾಡ್ತಿದ್ಲು. ಅದನ್ನ ನೀವೆಲ್ಲ ಗಂಡಸಿನ ಕೋಪ ಅಂದ್ಕೊಂಡ್ರಿ."

ಟೈಮ್‌ಕೀಪರನಿಗೆ ಹೋದ ಜೀವ ಬಂತು. ಅದು ನೆಟ್ಟಗೆ ಬಂದು ಕೂರುವುದರೊಳಗೆ ಹೆಂಡತಿ ಕೊರಳಿನ ಟೇಪು ಎಳೆದುಕೊಂಡು ಮಲಗುವ ಕೋಣೆಗೆ ನಡೆದಿದ್ದಳು.

"ಡಾಕ್ಟ್ರೇ," ಒಳಗಿನಿಂದ ದನಿ ಬಂತು, "ವ್ಯಾನ್ ಖಾಲಿ ಹೋಗೋದು ಬೇಡ. ಆರೂಕಾಲಡಿ ಮಂಚ. ಬೇಕಾ?"

"ಸೂಜಿ ನೋಡಿ ತಲೆ ಸುತ್ತಿ ಬೀಳೋರನ್ನ ಮಲಗಿಸೋಕೆ ಹುಡುಕ್ತಾನೇ ಇದ್ದೆ," ಎಂದರು ಡಾಕ್ಟರು.

"ಮಂಚದ ವಿಷಯ ಮಾತೇ ಆಗಿರ್ಲಿಲ್ಲ!" ಎಂದ ಟೈಮ್‌ಕೀಪರ್.

"ಅದೇ ನಾನೂ ಹೇಳೋದು. ಆಗಿರ್ಲಿಲ್ಲ."

ವ್ಯಾನು ಸರಿಯಾಗಿ ಆರು ಗಂಟೆಗೆ ಹೊರಟಿತು. ಒಂದು ನಿಮಿಷವೂ ತಡವಿಲ್ಲ. ಕೋಣೆಯ ಕಿಟಕಿಯ ಮುಂದೆ ಹೊಲಿಗೆ ಮಿಷನ್ ಬಂತು, ಅದರ ಪಕ್ಕ ಹೆಂಡತಿಯ ಹಾಸಿಗೆ. ಇನ್ನೊಂದು ಹಾಸಿಗೆಗೆ ಜಾಗ ಉಳಿಯಲಿಲ್ಲ. ಬಾಗಿಲಿಗೆ ಅವಳೇ ಹೊಲಿದ ದಪ್ಪ ಪರದೆಯೂ ಬಂತು.

ಟೈಮ್‌ಕೀಪರ್ ಹಾಲಿನಲ್ಲಿ, ತೊಟ್ಟಿಯ ಕೆಳಗೆ ಚಾಪೆ ಬಿಡಿಸಿ ಕೂತ. ಮೇಲಿನಿಂದ ದೊಡ್ಡ ಹಣೆ ಅವನನ್ನೇ ದಿಟ್ಟಿಸುತ್ತಿತ್ತು. ಇಷ್ಟಾದರೂ ಮೀನು ಮನೆಯಲ್ಲೇ ಉಳಿಯಿತಲ್ಲ ಎಂದು ಅವನು ಬಟ್ಟೆ ಸುತ್ತಿದ ಬೆರಳನ್ನು ಗಾಜಿಗೆ ಒತ್ತಿದ.

"ಇಷ್ಟು ದಿನ ಗೊತ್ತಾಗ್ಲಿಲ್ಲ. ತಪ್ಪಾಯ್ತು ಅಮ್ಮಾವ್ರೇ."

ಅಮ್ಮಾವ್ರು ಒಮ್ಮೆ ಹಿಂದಕ್ಕೆ ಸರಿದು, ಅದೇ ಬೆರಳಿಗೆ ಗುರಿಯಿಟ್ಟು ಗಾಜಿಗೆ ಹಾಯ್ದರು. ಪರದೆಯಾಚೆ ಮಿಷನ್ ಸದ್ದು ಮಾಡತೊಡಗಿತು.